ಕಡಲಿಗೆ ಬಿಟ್ಟ ಶಾಲು

ಸೋಮವಾರ ಬೆಳಿಗ್ಗೆ ಆರೂವರೆಗೆ ರುದ್ರಾಣಿ ಒಂದು ಬಟ್ಟೆ ಚೀಲವನ್ನು ಸೆರಗಿನಡಿ ಮುಚ್ಚಿಕೊಂಡು ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲು ಇಳಿಯುತ್ತಿದ್ದಳು. ಮೂರನೇ ಮೆಟ್ಟಿಲಿಗೇ ಸೀಟಿ ಊದಿದ ಸದ್ದು ಕೇಳಿತು. ಕಾವಲಿಗೆ ನಿಂತಿದ್ದ ಪುಟ್ಟಬಸವಯ್ಯ ಅವಳದೇ ಬೀದಿಯವನು.

"ಚೀಲದಲ್ಲಿ ಏನಕ್ಕಾ?"

"ಒಂದ್ ಹಳೇ ಶಾಲು ಕಣಪ್ಪ. ನೀರಿಗೆ ಬಿಟ್ಟು, ಒಂದು ಮುಳುಗು ಹಾಕಿ ಹೋಗ್ತೀನಿ."

"ಸ್ನಾನ ಮಾಡಿ, ಬೇಡ ಅನ್ನಲ್ಲ. ಬಟ್ಟೆ ಮಾತ್ರ ಬಿಡಂಗಿಲ್ಲ. ಅಲ್ ನೋಡಿ, ನಿನ್ನೆ ಒಂದೇ ದಿನ ತೆಗ್ದಿದ್ದು."

ಅವನು ತೋರಿಸಿದ ಕಡೆ ಸೀರೆ, ಪಂಚೆ, ಟವೆಲು, ಮಕ್ಕಳ ಅಂಗಿ ಎಲ್ಲ ಕೆಸರು ಮೆತ್ತಿಕೊಂಡು ಸೊಂಟದೆತ್ತರ ರಾಶಿ ಬಿದ್ದಿದ್ದವು. ರುದ್ರಾಣಿ ಅತ್ತ ಸರಿಯಾಗಿ ನೋಡಲೂ ಇಲ್ಲ. ಕಾಯಿಲೆ ಕಳೆದ ಮೇಲೆ ಕಪಿಲೆಯಲ್ಲಿ ಮಿಂದು, ಕಾಯಿಲೆಯಲ್ಲಿ ಮೈಮೇಲಿದ್ದ ಬಟ್ಟೆಯನ್ನು ನೀರಿಗೆ ಬಿಟ್ಟು, ಹಿಂದೆ ತಿರುಗಿ ನೋಡದೆ ಮನೆಗೆ ಬಂದರೆ ಕಷ್ಟ ಹೊಳೆಯ ಜೊತೆ ಹೋಯಿತು ಎಂದು ಅವಳ ಅಜ್ಜಿ ನಂಬಿದ್ದಳು, ತಾಯಿ ನಂಬಿದ್ದಳು. ಈ ಪುಟ್ಟಬಸವಯ್ಯನ ತಾಯಿಯೂ ಬಿಟ್ಟವಳೇ. ಈಗ ಮಗ ಸೀಟಿ ಹಿಡಿದು ನಿಂತಿದ್ದಾನೆ. ಕಾಲ ಕೆಟ್ಟಿತು ಎಂದುಕೊಂಡು ರುದ್ರಾಣಿ ಕಾಲು ಮಾತ್ರ ತೊಳೆದು ಹಿಂದಿರುಗಿದಳು.

ಶಾಲು ಮಗಳು ನಯನಳದು. ನೇರಳೆ ಬಣ್ಣದ್ದು, ಎರಡೂ ತುದಿಗೆ ಗೇಣುದ್ದ ಕುಚ್ಚು. ಹೋದ ವರ್ಷ ನಯನಳಿಗೆ ಟಿ.ಬಿ. ಬಂದಾಗ ಆರು ತಿಂಗಳೂ ಅದನ್ನೇ ಹೊದ್ದು ಮಲಗಿದ್ದಳು, ಅದನ್ನೇ ಬಾಯಿಗೆ ಅಡ್ಡ ಹಿಡಿದು ಕೆಮ್ಮಿದ್ದಳು. ಚಿಕಿತ್ಸೆ ಮುಗಿದು, ಕಫದ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದು ನಾಲ್ಕು ತಿಂಗಳಾಗಿತ್ತು. ಎಲ್ಲರ ಹಾಗೆ ಓಡಾಡಿಕೊಂಡಿರಲಿ ಎಂದು ಡಾಕ್ಟರೇ ಹೇಳಿದ್ದರು. ಆದರೆ ಬೀರುವಿನ ಕೆಳಗಿನ ಅರೆಯಲ್ಲಿ ಆ ಶಾಲು ಇರುವ ತನಕ ಕಾಯಿಲೆ ಮನೆಬಿಟ್ಟು ಹೋಗಿಲ್ಲ ಎಂದೇ ರುದ್ರಾಣಿಯ ಲೆಕ್ಕ. ಗಂಡ ತೀರಿಕೊಂಡ ಮೇಲೆ ಅವಳಿಗೆ ಇದ್ದವಳು ಇವಳೊಬ್ಬಳು. ದೇವಸ್ಥಾನದ ಬೀದಿಯಲ್ಲಿ ವಿಭೂತಿ ಕುಂಕುಮ ಮಾರುವ ಅಂಗಡಿಯಲ್ಲಿ ಕೂತಿದ್ದರೂ ಅವಳ ಕಿವಿ ಮನೆಯ ಕಡೆಗೇ ಇರುತ್ತಿತ್ತು. ನಯನ ಒಂದು ಸಲ ಕೆಮ್ಮಿದರೆ ತಾಯಿ ಮೂರು ದಿನ ಊಟ ಬಿಡುತ್ತಿದ್ದಳು.

ಚೀಲ ಹಾಗೇ ವಾಪಸು ಬಂದದ್ದನ್ನು ನೋಡಿ ನಯನ ನಕ್ಕಳು.

"ಆರು ತಿಂಗಳು ಒಂದು ದಿನ ಬಿಡದೆ ಗುಳಿಗೆ ನುಂಗಿದೋಳು ನಾನು. ವಾಂತಿ ಮಾಡ್ಕೊಂಡು ನುಂಗಿದ್ದೀನಿ. ವಾಸಿ ಮಾಡಿದ ಹೆಸರು ಶಾಲಿಗೆ ಹೋಗ್ಬೇಕಾ ಅಮ್ಮ?"

"ವಾಸಿ ಮಾಡಿದ್ದು ಗುಳಿಗೇನೇ, ಯಾರು ಇಲ್ಲ ಅಂದ್ರು? ಮತ್ತೆ ಬರದ ಹಾಗೆ ನೋಡ್ಕೊಳೋದು ಯಾರು? ಅದಕ್ಕೆ ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರಾ?"

ನಯನ ಮಾತು ಬದಲಿಸಿ ಚಾರಣದ ವಿಷಯ ತೆಗೆದಳು. ಮೈಸೂರಿನ ಅವಳ ಕಾಲೇಜಿನ ನಿಸರ್ಗ ಸಂಘದವರು ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಉತ್ತರ ಕನ್ನಡದ ಕಡಲಂಚಿಗೆ ಹೊರಡುವವರಿದ್ದರು. ಅರಣ್ಯ ಇಲಾಖೆಯ ರಕ್ಷಿತ ಕಾಡೊಂದರ ಒಳಗೆ ಸಮುದ್ರದ ಪಕ್ಕದಲ್ಲೇ ಹದಿನಾಲ್ಕು ಕಿಲೋಮೀಟರು ನಡೆಯಬೇಕು, ಸಮುದ್ರದ ಒಳಕ್ಕೆ ಚಾಚಿಕೊಂಡ ಮೂರು ಗುಡ್ಡ ಹತ್ತಿಳಿಯಬೇಕು. ಬೆಳಿಗ್ಗೆ ಹೊರಟರೆ ಸಂಜೆಗೆ ಮುಗಿಯುತ್ತದೆ. ಇಷ್ಟ ಇದ್ದರೆ ಪೋಷಕರೂ ಬರಬಹುದು.

"ನಾನೂ ಬರ್ತೀನಿ," ಎಂದಳು ರುದ್ರಾಣಿ.

"ಮಂಡಿನೋವು ಇಟ್ಕೊಂಡು?"

"ನೀನು ದಾರೀಲಿ ಏದುಸಿರು ಬಿಟ್ರೆ ನೋಡ್ಕೊಳೋಕೆ ಯಾರಾದ್ರೂ ಬೇಡ್ವಾ?"

ಅದು ಅರ್ಧ ಸತ್ಯ. ಹೊಳೆಗೆ ಕಾವಲಿದೆ, ಸಮುದ್ರಕ್ಕೆ ಯಾರು ಕಾವಲು ಹಾಕುತ್ತಾರೆ ಎಂಬುದು ಉಳಿದರ್ಧ. ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಕೂಡಿ ಕೊನೆಗೆ ಸಮುದ್ರಕ್ಕೇ ತಾನೆ ಹೋಗುವುದು. ಅದು ಹೋಗುವುದು ಪೂರ್ವದ ಸಮುದ್ರಕ್ಕೆ, ಇವಳು ಹೊರಟಿರುವುದು ಪಶ್ಚಿಮದ ಸಮುದ್ರಕ್ಕೆ ಎಂಬ ಸಣ್ಣ ತೊಡಕನ್ನು ಅವಳು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಶಾಲನ್ನು ಚಿಕ್ಕದಾಗಿ ಮಡಿಸಿ, ಚಪಾತಿ ಡಬ್ಬಿಯ ಕೆಳಗಿಟ್ಟಳು.

ಶನಿವಾರ ಬೆಳಿಗ್ಗೆ ಕಾಡಿನ ಗೇಟಿನಲ್ಲಿ ಖಾಕಿ ತೊಟ್ಟ ಅರಣ್ಯ ರಕ್ಷಕಿ ಪ್ರತಿಯೊಬ್ಬರ ಚೀಲ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ನೀರಿನ ಬಾಟಲಿ ಎಷ್ಟು, ಬಿಸ್ಕತ್ತಿನ ಪೊಟ್ಟಣ ಎಷ್ಟು. ಒಳಗೆ ಹೋದದ್ದೆಲ್ಲ ಹೊರಗೆ ಬರಬೇಕು, ಇದು ಕಡಲಾಮೆಗಳು ಮೊಟ್ಟೆಯಿಡುವ ಕಾಲ ಎಂದು ತಿಳಿಸಿದಳು. ಅವಳ ಹೆಸರು ಅರ್ಪಿತ. ಎರಡು ಮಾತಾಡುವಷ್ಟರಲ್ಲಿ ಅವಳು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯವಳು, ಕೆಲಸ ಸಿಕ್ಕಿ ಇಷ್ಟು ದೂರ ಬಂದವಳು ಎಂದು ಗೊತ್ತಾಯಿತು. ಊರ ಕಡೆಯ ಮಾತು ಕೇಳಿ ಅವಳಿಗೂ ಖುಷಿಯಾಯಿತು. ರುದ್ರಾಣಿಯ ಚೀಲದಲ್ಲಿ ಡಬ್ಬಿಯಡಿ ಮಡಿಸಿದ ಬಟ್ಟೆ ಕಂಡರೂ ಅವಳು ಏನೂ ಕೇಳಲಿಲ್ಲ. ಬಟ್ಟೆ ಬರೆದುಕೊಳ್ಳುವ ಕಾಲಂ ಆ ಪುಸ್ತಕದಲ್ಲಿರಲಿಲ್ಲ.

ದಾರಿ ತೋರಿಸಲು ಅರ್ಪಿತಳೂ ಜೊತೆಗೆ ಹೊರಟಳು. ಗುಂಪಿನಲ್ಲಿ ಅಧ್ಯಾಪಕ ಸೋಮಶೇಖರ್, ಹತ್ತು ವಿದ್ಯಾರ್ಥಿಗಳು, ಇಬ್ಬರು ಪೋಷಕರು. ರುದ್ರಾಣಿಯನ್ನು ಬಿಟ್ಟರೆ ಇನ್ನೊಬ್ಬ ಪೋಷಕ ಚಿಕ್ಕಮಾದು. ನಯನಳ ಗೆಳತಿ ಕವನಳ ಅಪ್ಪ, ನರಸೀಪುರ ತಾಲ್ಲೂಕು ಹೆಮ್ಮಿಗೆಯ ರೈತ. ಸಮುದ್ರ ನೋಡಬೇಕು ಎಂಬ ಒಂದೇ ಆಸೆಗೆ ಗದ್ದೆ ಕೆಲಸ ಬಿಟ್ಟು ಬಂದಿದ್ದ. ದಂಡೆ ಮುಟ್ಟಿದ ಕೂಡಲೇ ಬಗ್ಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಉಗಿದ.

"ಇಷ್ಟ್ ನೀರಿಟ್ಕಂಡು ಒಂದ್ ಗುಂಟೆ ಬತ್ತ ಬೆಳಿಯಂಗಿಲ್ಲವಲ್ಲ," ಎಂದು ಬೇಸರಪಟ್ಟುಕೊಂಡ.

ಮೊದಲ ಗುಡ್ಡ ಏರುವಾಗಲೇ ರುದ್ರಾಣಿಗೆ ತಾನು ಯಾವ ಕೆಲಸಕ್ಕೆ ಕೈ ಹಾಕಿದೆ ಎಂದು ಅರ್ಥವಾಯಿತು. ಕೆಂಪು ಜಂಬಿಟ್ಟಿಗೆ ಕಲ್ಲಿನ ಕಡಿದಾದ ದಾರಿ, ಒಂದು ಪಕ್ಕ ಮುಳ್ಳಿನ ಪೊದೆ, ಇನ್ನೊಂದು ಪಕ್ಕ ಕೆಳಗೆ ಬಂಡೆಗೆ ಬಡಿಯುವ ನೀರು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ದೇವಸ್ಥಾನಕ್ಕೆ ನಡೆದ ಕಾಲು ಅದು. ಮಗಳ ಉಸಿರು ಎಣಿಸಲು ಬಂದವಳು ತನ್ನ ಉಸಿರನ್ನೇ ಹಿಡಿಯಲಾಗದೆ ಎರಡು ಕಡೆ ಕೂತಳು. ನಯನಳೂ ನಡುನಡುವೆ ನಿಲ್ಲುತ್ತಿದ್ದಳು, ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಎಳೆದುಕೊಳ್ಳುತ್ತಿದ್ದಳು. ಪ್ರತಿ ಸಲವೂ ತಾಯಿ ಚೀಲದೊಳಗಿನ ಶಾಲನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಮಧ್ಯಾಹ್ನ ಎರಡರ ಮೇಲೆ ನೀರು ಏರ್ತದೆ ಅಮ್ಮ," ಎಂದಳು ಅರ್ಪಿತ. "ಮೂರನೇ ಗುಡ್ಡದ ಕೆಳಗಿನ ಬಂಡೆ ದಾರಿ ಅಷ್ಟರೊಳಗೆ ದಾಟ್ಬೇಕು. ನಿಧಾನಕ್ಕೆ ಬನ್ನಿ, ಆದ್ರೆ ನಿಲ್ಬೇಡಿ."

ಎರಡನೇ ಗುಡ್ಡ ಇಳಿದು ಸಣ್ಣದೊಂದು ಮರಳ ದಂಡೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತರು. ರುದ್ರಾಣಿ ಚಪಾತಿ ಹಂಚಿದಳು. ಮಾತು ಹೇಗೋ ನಂಜನಗೂಡಿನ ಸ್ನಾನಘಟ್ಟಕ್ಕೆ ಬಂತು. ಅಲ್ಲಿ ಬಟ್ಟೆ ಬಿಡಲು ಬಿಡುತ್ತಿಲ್ಲವಂತೆ ಎಂದು ಯಾರೋ ಹುಡುಗ ಹೇಳಿದ.

"ಬಿಡದೇ ಇದ್ರೆ ಒಳ್ಳೇದೇಯ," ಎಂದ ಚಿಕ್ಕಮಾದು. "ನಿಮ್ಮೂರಲ್ಲಿ ಬಿಟ್ಟಿದ್ದು ನಮ್ಮೂರಿಗೆ ಬತ್ತದೆ ಅಮ್ಮಾವ್ರೇ. ಒಳೆ ದಡದಲ್ಲಿ ನಂದೊಂದು ಮೋಟ್ರು ಐತೆ. ನೀರೆಳಿಯೋ ಪೈಪಿನ ಬಾಯ್ಗೆ ಸೀರೆ, ಪಂಚೆ ಬಂದು ಸುತ್ಕತವೆ. ಮೋಟ್ರು ಕೂಗ್ತಾ ನಿಂತೋಯ್ತದೆ. ವಾರಕ್ಕೊಂದ್ ಕಿತ ಮುಳುಗಿ ಬಿಡುಸ್ತೀನಿ."

"ಅಷ್ಟು ದೂರ ಬರ್ತಾವಾ?"

"ನೀರು ಎಲ್ಲಿಗಂಟ ಬತ್ತದೋ ಅಲ್ಲಿಗಂಟ ಬತ್ತವೆ. ಅದ್ಕೇನು, ನೀವು ಬಿಡೋವಾಗ ನಿಮ್ಗೆ ನಮ್ಮೂರು ಕಾಣುಸ್ತದಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬಿಸಿಲಿನ ಬಗ್ಗೆ ಮಾತಾಡುವವನಂತೆ ಹೇಳಿ ಇನ್ನೊಂದು ಚಪಾತಿ ತೆಗೆದುಕೊಂಡ. ರುದ್ರಾಣಿಗೆ ಕಸಿವಿಸಿಯಾಯಿತು. ಆದರೆ ಮನಸ್ಸು ಒಂದು ಕೆಲಸ ಮಾಡಬೇಕು ಎಂದು ನಿರ್ಧರಿಸಿದ ಮೇಲೆ ಕಾರಣಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಹೊಳೆಯಾದರೆ ಸರಿ, ಇಷ್ಟು ದೊಡ್ಡ ಸಮುದ್ರದಲ್ಲಿ ಯಾರ ಮೋಟಾರು ಇದೆ ಎಂದು ಅವಳು ಸಮಾಧಾನ ಮಾಡಿಕೊಂಡಳು. ಕಾಲು ತೊಳೆದು ಬರುತ್ತೇನೆಂದು ಎದ್ದು, ದೊಡ್ಡದೊಂದು ಬಂಡೆಯ ಮರೆಗೆ ಹೋದಳು.

ಮೊಣಕಾಲುದ್ದ ನೀರಿಗಿಳಿದು ಮೂರು ಬೊಗಸೆ ನೀರು ತಲೆಗೆ ಹಾಕಿಕೊಂಡಳು. ಶಾಲನ್ನು ಬಿಡಿಸಿ ನೀರಿನ ಮೇಲಿಟ್ಟಳು. "ನಂಜುಂಡಪ್ಪ, ನಿನ್ನ ಹೊಳೆಗೆ ಬಿಡಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ನನ್ನ ಮಗಳ ಕಷ್ಟ ಇದರ ಜೊತೆಗೇ ಹೋಗ್ಲಿ, ಮತ್ತೆ ನಮ್ಮ ಬಾಗಿಲಿಗೆ ಬರೋದು ಬೇಡ," ಎಂದು ಬೇಡಿಕೊಂಡಳು. ಹಿಂದಕ್ಕೆ ಸರಿಯುವ ಅಲೆ ಶಾಲನ್ನು ಎಳೆದುಕೊಂಡು ಹೋಯಿತು. ಅವಳು ತಿರುಗಿ ನೋಡದೆ ಬಂದಳು. ಎಷ್ಟೋ ತಿಂಗಳ ನಂತರ ಎದೆ ಹಗುರವಾಗಿತ್ತು, ಕಣ್ಣು ತುಂಬಿ ಬಂದಿತ್ತು.

ಮೂರನೇ ಗುಡ್ಡವನ್ನು ನಯನ ಒಂದೇ ಒಂದು ಸಲ ನಿಂತು ಹತ್ತಿದಳು. ಮೇಲೆ ಹೋಗಿ, ತಾಯಿಗೆ ಕೈ ಕೊಟ್ಟು ಎಳೆದುಕೊಂಡಳು. ಮಗಳ ಕೆಂಪೇರಿದ ಮುಖ ನೋಡಿ, ಶಾಲು ಹೋದ ಒಂದೂವರೆ ಗಂಟೆಗೇ ಫಲ ಸಿಕ್ಕಿತು ಎಂದು ರುದ್ರಾಣಿ ಮನಸ್ಸಿನಲ್ಲೇ ಕೈಮುಗಿದಳು. ಬೆಳಿಗ್ಗೆಯಿಂದ ನಡೆದು ನಡೆದು ಮಗಳಿಗೆ ದಾರಿ ಒಗ್ಗಿರಬಹುದು ಎಂದು ಅವಳಿಗೆ ಹೊಳೆಯಲಿಲ್ಲ.

ಗುಡ್ಡ ಇಳಿದ ಮೇಲೆ ಬಂಡೆಗಳ ದಾರಿ. ಪಾಚಿ ಕಟ್ಟಿದ ಕಲ್ಲಿನಿಂದ ಕಲ್ಲಿಗೆ ನೋಡಿ ನೋಡಿ ಹೆಜ್ಜೆ ಇಡಬೇಕು, ಕೆಳಗೆ ನೀರು ಆಗಲೇ ಏರಲು ಶುರುವಾಗಿತ್ತು. ಎಲ್ಲರಿಗಿಂತ ಮುಂದಿದ್ದ ಅರ್ಪಿತ ಕೈಯೆತ್ತಿ ನಿಲ್ಲಿಸಿದಳು. ಎರಡು ಬಂಡೆಗಳ ಸಂದಿನಲ್ಲಿ ಏನೋ ಒದ್ದಾಡುತ್ತಿತ್ತು. ದೊಡ್ಡ ಮೊರದಷ್ಟು ಅಗಲದ ಆಮೆ. ಅದರ ಮುಂಗಾಲಿಗೂ ಕುತ್ತಿಗೆಗೂ ನೇರಳೆ ಬಣ್ಣದ ಬಟ್ಟೆಯ ಕುಚ್ಚು ಸುತ್ತಿಕೊಂಡಿತ್ತು, ಬಟ್ಟೆಯ ಇನ್ನೊಂದು ತುದಿ ಬಂಡೆಯ ಸಂದಿಗೆ ಸಿಕ್ಕಿಕೊಂಡಿತ್ತು. ಅಲೆ ಬಂದಾಗಲೆಲ್ಲ ಆಮೆ ಕಲ್ಲಿಗೆ ಬಡಿಯುತ್ತಿತ್ತು.

ಹುಡುಗರಲ್ಲೊಬ್ಬ ನೀರಿಗಿಳಿದು ಬಟ್ಟೆ ಹಿಡಿದು ಜಗ್ಗಿದ.

"ಎಳೀಬ್ಯಾಡ ಕಣ್ಲಾ," ಎಂದ ಚಿಕ್ಕಮಾದು. "ಎಳುದ್ರೆ ಬಿಗಿಯಾಯ್ತದೆ. ತಡಿ, ಇದು ನನ್ ಕೆಲ್ಸ."

ಪ್ಯಾಂಟು ಮಡಿಸಿಕೊಂಡು ಇಳಿದವನು ಎದೆಮಟ್ಟ ನೀರಿನಲ್ಲಿ ನಿಂತ. ಅರ್ಪಿತ ಆಮೆಯ ಚಿಪ್ಪು ಒತ್ತಿ ಹಿಡಿದಳು. ಅವನು ಬಟ್ಟೆ ಯಾವ ಕಡೆಗೆ ಹುರಿಗೊಂಡಿದೆ ಎಂದು ಕೈಯಲ್ಲಿ ತಡವಿ ನೋಡಿ, ಅದಕ್ಕೆ ಉಲ್ಟಾ ಒಂದೊಂದೇ ಸುತ್ತು ಬಿಡಿಸತೊಡಗಿದ. ಅಲೆ ಮುಖಕ್ಕೆ ಹೊಡೆದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಒಂದು ಸಲ ಬಂಡೆಗೆ ತಾಗಿ ಅವನ ಮೊಣಕೈ ತರಚಿ ರಕ್ತ ಬಂತು. ಬಂಡೆಯ ಮೇಲೆ ಕೂತಿದ್ದ ಕವನ "ಅಪ್ಪಾ, ಹುಷಾರು" ಎಂದು ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದಳು. ಐದಾರು ನಿಮಿಷಕ್ಕೆ ಕುಚ್ಚು ಬಿಟ್ಟುಕೊಂಡಿತು. ಆಮೆ ಒಂದು ಕ್ಷಣ ಏನಾಯಿತೆಂದು ತಿಳಿಯದೆ ತೇಲಿ, ಆಮೇಲೆ ನೀರಿನಡಿಗೆ ಹೊರಟುಹೋಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವ ಮೂರ್ಖ ಇದನ್ನು ಎಸೆದನೋ, ಓದಿದವರೇ ಹೀಗೆ ಮಾಡುವುದು ಎಂದು ಸೋಮಶೇಖರ್ ಬೈದರು. ನಯನ ಬಟ್ಟೆಯನ್ನು ನೋಡಿದಳು, ಆಮೇಲೆ ತಾಯಿಯನ್ನು ನೋಡಿದಳು.  ರುದ್ರಾಣಿ ತಲೆ ತಗ್ಗಿಸಿ ನಿಂತಳು. ನಾಚಿಕೆಗಿಂತ ಮೊದಲು ಅವಳನ್ನು ಹಿಡಿದದ್ದು ಭಯ. ಬಿಟ್ಟ ಕಷ್ಟ ಅವಳಿಗಿಂತ ಮುಂಚೆ ಬಂದು ದಾರಿ ಕಾಯುತ್ತಿತ್ತು.

"ಇದನ್ನ ಇಲ್ಲಿ ಬಿಡೋ ಹಾಗಿಲ್ಲ, ಯಾರಾದ್ರೂ ಹೊತ್ಕೊಂಡು ಬರ್ಬೇಕು," ಎಂದಳು ಅರ್ಪಿತ.

"ನಾನೇ ತಕ್ಕ ಬತ್ತೀನಿ ಬುಡಿ," ಎಂದು ಚಿಕ್ಕಮಾದು ಶಾಲನ್ನು ಹಿಂಡಿ, ಗುಂಡಗೆ ಸುತ್ತಿ ತನ್ನ ಚೀಲಕ್ಕೆ ತುರುಕಿದ. "ನೀರ್ ಬಂತು, ನಡೀರಿ ನಡೀರಿ."

ಬಂಡೆ ದಾರಿ ಮುಗಿಯುವವರೆಗೆ ರುದ್ರಾಣಿ ಅವನ ಹಿಂದೆಯೇ ನಡೆದಳು. ಅವನ ಬೆನ್ನ ಮೇಲಿನ ಚೀಲದಿಂದ ಹನಿ ಹನಿ ನೀರು ತೊಟ್ಟಿಕ್ಕುತ್ತಿತ್ತು. ಈಗ ಶಾಲು ಅವಳದಲ್ಲ. ಅವಳು ತಿರುಗಿ ನೋಡದೆ ಬಿಟ್ಟುಬಂದದ್ದು, ಇನ್ನೊಬ್ಬ ತಾನಾಗಿ ಎತ್ತಿಕೊಂಡದ್ದು. ಶಾಸ್ತ್ರದ ಪ್ರಕಾರ ನೋಡಿದರೆ ಇದಕ್ಕಿಂತ ಅನುಕೂಲ ಬೇರೆ ಇರಲಿಲ್ಲ. ಸುಮ್ಮನೆ ನಡೆದರೆ ಮುಗಿಯಿತು.

ಅಷ್ಟರಲ್ಲಿ ಕವನ ಓಡಿಬಂದು, "ಅಪ್ಪ, ನಿನ್ ಕೈ ತರಚಿದೆಯಲ್ಲ, ಚೀಲ ನಾನು ಹಾಕೋತೀನಿ ಕೊಡು," ಎಂದು ಚೀಲವನ್ನು ಅವನ ಬೆನ್ನಿನಿಂದ ಬಿಡಿಸಿ ತನ್ನ ಬೆನ್ನಿಗೆ ಹಾಕಿಕೊಂಡಳು. ಒದ್ದೆ ಚೀಲದ ನೀರು ಅವಳ ಅಂಗಿಯ ಮೇಲೆ ಇಳಿಯತೊಡಗಿತು. ನಯನಳ ವಯಸ್ಸಿನ ಹುಡುಗಿ. ಸಪೂರ ಬೆನ್ನು.

ರುದ್ರಾಣಿ ನಿಂತುಬಿಟ್ಟಳು. ತನ್ನ ಮಗಳನ್ನು ಬಿಟ್ಟು ಹೋಗಲಿ ಎಂದು ಬೇಡಿಕೊಂಡದ್ದು ಈಗ ಯಾರ ಮಗಳ ಮೈಮೇಲಿದೆ ಎಂದು ಕಣ್ಣಾರೆ ಕಂಡಳು. ಇಷ್ಟು ವರ್ಷ ಹೊಳೆ ಅದನ್ನು ಅವಳ ಕಣ್ಣಿಗೆ ಕಾಣದ ಹಾಗೆ ಹೊತ್ತುಕೊಂಡು ಹೋಗುತ್ತಿತ್ತು, ಅಷ್ಟೇ. ಅಜ್ಜಿ ಬಿಟ್ಟದ್ದು, ತಾಯಿ ಬಿಟ್ಟದ್ದು ಯಾರ ಮನೆಯ ದಡಕ್ಕೆ ಹೋಯಿತೋ.

"ಕವನಾ, ನಿಂತ್ಕೋ," ಎಂದಳು. "ಆ ಶಾಲು ಕೊಡು ಮಗಳೇ."

"ಇರಲಿ ಆಂಟಿ, ಭಾರ ಏನಿಲ್ಲ."

"ಭಾರ ಅಂತಲ್ಲ. ಅದು ನಮ್ಮದು. ನಾನೇ ಬಿಟ್ಟಿದ್ದು."

ಎಲ್ಲರೂ ತಿರುಗಿದರು.  ಕವನ ಶಾಲು ತೆಗೆದುಕೊಟ್ಟಳು. ರುದ್ರಾಣಿ ಅದನ್ನು ಎದೆಗೆ ಅವುಚಿಕೊಂಡು ಚಿಕ್ಕಮಾದುವಿನ ಹತ್ತಿರ ಹೋಗಿ, ಬೇರೆಯವರಿಗೆ ಕೇಳದಂತೆ ಹೇಳಿದಳು.

"ನನ್ನ ಮಗಳಿಗೆ ಟಿ.ಬಿ. ಆಗಿತ್ತು ಅಣ್ಣಾ. ಆಗ ಹೊದ್ದಿದ್ದು ಇದು. ಕಾಯಿಲೆ ಇದರ ಜೊತೆ ಹೋಗ್ಲಿ ಅಂತ ಬಿಟ್ಟೆ. ನಿಮ್ಮ ಮಗಳ ಬೆನ್ನ ಮೇಲೆ ನೋಡಿದಾಗ ಜೀವ ಹೋದ ಹಾಗಾಯ್ತು. ತಪ್ಪಾಯ್ತು."

ಅವನು ಮೊಣಕೈಯ ರಕ್ತ ಒರೆಸಿಕೊಂಡ.

"ನಮ್ಮವ್ವಂಗೂ ಬಂದಿತ್ತು ಅಮ್ಮಾವ್ರೇ. ಮಾತ್ರೆ ನುಂಗುದ್ಲು, ವಾಸಿಯಾಯ್ತು. ಆಗ ಉಟ್ಟಿದ್ ಸೀರೆ ಈಗ್ಲೂ ಉಡ್ತಾವ್ಳೆ. ಒಳೆಗೆ ಬುಡೋಕೆ ನಮ್ಗೆಲ್ಲಿ ಅಷ್ಟೊಂದ್ ಸೀರೆ." ಆಮೇಲೆ ಸೇರಿಸಿದ, "ಅದು ಅಂಟ್ಕಳಂಗಿದ್ರೆ ಪೈಪಿಂದ ಬಟ್ಟೆ ಬಿಡ್ಸಿ ಬಿಡ್ಸಿ ನಾನು ಯಾವತ್ತೋ ಓಗ್ಬೇಕಿತ್ತು. ಎದ್ರಬ್ಯಾಡಿ."

ಹೆದರಬೇಡ ಎಂದರೆ ಹೆದರಿಕೆ ಹೋಗುತ್ತದೆಯೇ. ಉಳಿದ ಮೂರು ಕಿಲೋಮೀಟರು ರುದ್ರಾಣಿ ಆ ಶಾಲನ್ನು ತನ್ನ ಹೆಗಲ ಮೇಲೆ ಹಾಕಿಕೊಂಡೇ ನಡೆದಳು. ಮಂಡಿ ಉರಿಯುತ್ತಿತ್ತು, ಉಪ್ಪುನೀರು ಬೆನ್ನಿನ ಮೇಲೆ ಇಳಿಯುತ್ತಿತ್ತು. ನಯನ ಪಕ್ಕಕ್ಕೆ ಬಂದು ತಾಯಿಯ ಕೈ ಹಿಡಿದುಕೊಂಡಳು. 

ಆಚೆ ತುದಿಯ ಗೇಟಿನಲ್ಲಿ ಅರ್ಪಿತ ಕಸದ ಡ್ರಮ್ಮು ತೋರಿಸಿದಳು. "ಇಲ್ಲಿ ಹಾಕ್ಬಿಡಿ ಅಮ್ಮ. ನಾಳೆ ಗಾಡಿ ಬಂದು ತಗೊಂಡ್ ಹೋಗ್ತದೆ."

"ಗಾಡಿಯಿಂದ ಅದನ್ನ ಯಾರು ಎತ್ತಿ ಹಾಕ್ತಾರೆ?"

"ಕಸದ ಕೆಲಸದವ್ರು. ಹೆಣ್ಮಕ್ಕಳೇ ಇದ್ದಾರೆ."

"ಬೇಡಮ್ಮ," ಎಂದಳು ರುದ್ರಾಣಿ. ಶಾಲನ್ನು ಚೀಲಕ್ಕೆ ಹಾಕಿ, ಬಾಯಿ ಬಿಗಿದು ಬಸ್ಸು ಹತ್ತಿದಳು.

ಸೋಮವಾರ ಅವಳು ಅಂಗಡಿ ಬಾಗಿಲು ತೆರೆಯಲಿಲ್ಲ. ಹಂಡೆ ನೀರು ಕಾಯಿಸಿ, ಸೋಪಿನ ಪುಡಿ ಹಾಕಿ, ಶಾಲನ್ನು ಮೂರು ಸಲ ಒಗೆದಳು. ಒಂದು ತುದಿಯ ಕುಚ್ಚು ಅರ್ಧ ಕಿತ್ತುಹೋಗಿತ್ತು. ಮಹಡಿಯ ಮೇಲೆ ತಂತಿಗೆ ಹರವಿದಾಗ ಪಕ್ಕದ ಮಹಡಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ವಿಶಾಲಮ್ಮ ನೋಡಿದಳು.

"ಇದೇನೇ ರುದ್ರಾಣಿ, ಬಿಡ್ಬೇಕು ಅಂತಿದ್ದೋಳು ಬಿಡಲಿಲ್ವಾ?"

"ಬಿಟ್ಟಿದ್ದೆ ಕಣಕ್ಕ. ಬೇರೆಯವ್ರ ಮಗಳ ಪಾಲಿಗೆ ಹೋಗ್ತಿತ್ತು, ವಾಪಸ್ ತಂದೆ."

ವಿಶಾಲಮ್ಮನಿಗೆ ಅರ್ಥವಾಗಲಿಲ್ಲ. ಸಂಜೆ ಕೂರಿಸಿಕೊಂಡು ಹೇಳುತ್ತೇನೆ ಎಂದು ರುದ್ರಾಣಿ ಕೆಳಗಿಳಿದಳು.

ಎರಡು ದಿನ ಬಿಸಿಲಿನಲ್ಲಿ ಒಣಗಿದ ಶಾಲು ಮೂರನೇ ದಿನ ಕುರ್ಚಿಯ ಮೇಲಿತ್ತು. ಅದನ್ನು ಏನು ಮಾಡಬೇಕೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಬೆಳಿಗ್ಗೆ ಊರೆಲ್ಲ ಮಂಜು ಕವಿದಿತ್ತು. ಮೈಸೂರಿನ ರೈಲಿಗೆ ಹೊತ್ತಾಯಿತೆಂದು ಓಡುತ್ತಾ ಹೊರಟ ನಯನ ಬಾಗಿಲಲ್ಲಿ ಚಳಿಗೆ ನಡುಗಿ, ಹಿಂದಕ್ಕೆ ಬಂದು, ಕೈಗೆ ಸಿಕ್ಕಿದ ಆ ಶಾಲನ್ನೇ ಎಳೆದು ಹೊದ್ದುಕೊಂಡಳು.

ರುದ್ರಾಣಿಯ ಕೈ ತಾನಾಗಿ ಮುಂದೆ ಹೋಗಿ ಶಾಲಿನ ಅಂಚು ಹಿಡಿಯಿತು. ನಯನ ನಿಂತು ತಾಯಿಯ ಮುಖ ನೋಡಿದಳು. ತೆಗೆಯೆಂದರೆ ತೆಗೆಯುತ್ತಿದ್ದಳು, ಅದು ಇಬ್ಬರಿಗೂ ಗೊತ್ತಿತ್ತು.

ರುದ್ರಾಣಿ ಆ ಅಂಚನ್ನು ಮಗಳ ಹೆಗಲ ಮೇಲಕ್ಕೆ ಎಳೆದು, ಕುತ್ತಿಗೆಯ ಹತ್ತಿರ ಗಾಳಿ ಹೋಗದಂತೆ ಮಡಿಸಿ ಸಿಕ್ಕಿಸಿದಳು.

"ಕಿಟಕಿ ಪಕ್ಕ ಕೂತ್ಕೋಬೇಡ," ಎಂದಳು. "ಹುಷಾರಾಗಿ ಹೋಗಿ ಬಾ."